ಬ್ಯೂಲಾಳ ದಿಮ್ಮಿ

ಬ್ಯೂಲಾ ಕ್ರೇವನ್ ನನ್ನ ಅತ್ತೆ. ಅವಳ ಬಗ್ಗೆ ಹೇಳುವಂಥ ಒಳ್ಳೆಯ ಮಾತು ನನ್ನ ಹತ್ತಿರ ಒಂದೇ ಒಂದಿದೆ. ಅದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ, ಆಮೇಲೆ ಅಡ್ಡ ಬರುವುದು ಬೇಡ. ನಾಯಿಗಳಿಗೆ ಮಾಂಸ ಕೊಚ್ಚುವುದರಲ್ಲಿ ಅವಳ ಸಮಕ್ಕೆ ನಿಲ್ಲುವವರು ಅಲಾಸ್ಕದ ನಮ್ಮ ಟಾಮರಾಕ್ ಸ್ಲೂ ಊರಿನಲ್ಲಷ್ಟೇ ಅಲ್ಲ, ತನಾನಾ ನದಿಯ ಉದ್ದಕ್ಕೂ ಯಾರೂ ಇರಲಿಲ್ಲ. ಉಳಿದಂತೆ ಅವಳು ಕೆಟ್ಟ ಬಾಯಿಯ, ಕಲ್ಲೆದೆಯ ಹೆಂಗಸು. ಯಾರಿಗೂ ಒಂದು ಕಪ್ ಕಾಫಿಯನ್ನು ಕೊಂಕಿಲ್ಲದೆ ಕೊಟ್ಟವಳಲ್ಲ. ಹನ್ನೊಂದು ವರ್ಷ ಅವಳ ಜೊತೆ ಒಂದೇ ಸೂರಿನಡಿ ಇದ್ದವಳು ನಾನು. ಗೊತ್ತಿದ್ದೇ ಹೇಳುತ್ತಿದ್ದೇನೆ.

ಕೊಚ್ಚುವುದರಲ್ಲಿ ಏನು ಮಹಾ ಇದೆ ಎಂದು ಊರಿಗೆ ಹೊಸದಾಗಿ ಬಂದವರು ಕೇಳುತ್ತಾರೆ. ನಾನೂ ಕೇಳಿದ್ದೆ. ಜಾರುಬಂಡಿ ಎಳೆಯುವ ನಾಯಿಗೆ ಚಳಿಗಾಲದಲ್ಲಿ ಊಟಕ್ಕಿಂತ ನೀರು ಮುಖ್ಯ. ಆದರೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಬರೀ ನೀರಿಟ್ಟರೆ ಯಾವ ನಾಯಿಯೂ ಮೂಸಿ ಕೂಡ ನೋಡುವುದಿಲ್ಲ. ಅದಕ್ಕೇ ಬೆಚ್ಚಗಿನ ನೀರಿಗೆ ಹೊಳೆಯಲ್ಲಿ ಸಿಗುವ ಬೀವರ್ ಪ್ರಾಣಿಯ ಮಾಂಸದ ಕೈಮಾ ಕದಡಿ ಕೊಡುತ್ತೇವೆ. ತುಂಡು ದೊಡ್ಡದಾಗಿದ್ದರೆ ನಾಯಿಗೆ ಅಷ್ಟು ಬುದ್ಧಿ ಇದ್ದೇ ಇದೆ, ಮಾಂಸವನ್ನಷ್ಟೇ ಹೆಕ್ಕಿ ತಿಂದು ನೀರನ್ನು ಹಾಗೇ ಬಿಡುತ್ತದೆ. ನುಚ್ಚಿಗಿಂತ ಸಣ್ಣಗಿದ್ದರೆ ಹೆಕ್ಕುವುದಕ್ಕೆ ಬರುವುದಿಲ್ಲ. ಮಾಂಸದ ಆಸೆಗೆ ಬಟ್ಟಲಿನ ತಳ ಕಾಣುವವರೆಗೆ ನೀರು ಕುಡಿಯಲೇಬೇಕು. ನೀರು ಕುಡಿಯದ ನಾಯಿ ಐವತ್ತು ಮೈಲಿ ಓಡುವಷ್ಟರಲ್ಲಿ ದಾರಿಯಲ್ಲೇ ಮಲಗಿಬಿಡುತ್ತದೆ, ಮತ್ತೆ ಎಬ್ಬಿಸಲು ಆಗುವುದಿಲ್ಲ.

ಹೊಳೆಯಲ್ಲಿ ಬೋನು ಹಾಕುವವರು ತೊಗಲು ಸುಲಿದುಕೊಂಡು ಉಳಿದ ಬೀವರನ್ನು ನಮಗೆ ಕೊಡುತ್ತಿದ್ದರು. ಕಲ್ಲಿನಂತೆ ಹೆಪ್ಪುಗಟ್ಟಿರುತ್ತಿದ್ದ ಅದನ್ನು ಬ್ಯೂಲಾ ಕೈಕೊಡಲಿಯಿಂದ ಒಡೆದು, ಒಲೆಯ ಪಕ್ಕ ಇಟ್ಟು ಕಾಯುತ್ತಿದ್ದಳು. ಪೂರ್ತಿ ಕರಗಬಾರದು, ಕರಗಿದರೆ ಕತ್ತಿಗೆ ಅಂಟುತ್ತದೆ. ಅರ್ಧ ಕರಗಿದ ಹೊತ್ತಿಗೆ ಮೂಳೆಯಿಂದ ಬಿಡಿಸಿ, ಬರ್ಚ್ ಮರದ ದಿಮ್ಮಿಯ ಮೇಲೆ ಹಾಕಿ, ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದು ಕೊಚ್ಚುತ್ತಿದ್ದಳು. ಆಮೇಲೆ ಪರೀಕ್ಷೆ. ಒಂದು ಚಿಟಿಕೆ ತೆಗೆದುಕೊಂಡು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಬೇಕು. ಬೆರಳಿಗೆ ಒಂದೇ ಒಂದು ಕಾಳು ಸಿಕ್ಕಿದರೂ ಮತ್ತೆ ಕೊಚ್ಚುವುದು. ಕೈಕೊಡಲಿ ಏಟಿಗೆ ಎದ್ದ ಮೂಳೆಯ ಸಿಬಿರು ಸಿಕ್ಕರೆ ಉಗುರಲ್ಲಿ ಹಿಡಿದು ಎಳೆದು ಒಲೆಗೆ ಎಸೆಯುವುದು. ಹೆಪ್ಪುಗಟ್ಟಿದ ಮೂಳೆಯ ಸಿಬಿರು ಸೂಜಿಯ ಹಾಗಿರುತ್ತದೆ. ಕೈಮಾದಲ್ಲಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ಗೊತ್ತಾಗಬೇಕು. ಸಾವಿರಾರು ಟಬ್ ಮಾಂಸ ಕೊಚ್ಚಿದ್ದಾಳೆ, ಕೊನೆಯ ಚಳಿಗಾಲದವರೆಗೆ ಒಂದು ಸಿಬಿರನ್ನೂ ನಾಯಿಯ ಬಟ್ಟಲಿಗೆ ಹೋಗಲು ಬಿಟ್ಟವಳಲ್ಲ. ನಾನು ಹೇಳಿದ ಒಳ್ಳೆಯ ಮಾತು ಇಲ್ಲಿಗೆ ಮುಗಿಯಿತು.

ಅವಳು ಹುಟ್ಟಿದ್ದು ಅರ್ಕಾನ್ಸಾಸಿನಲ್ಲಿ, ಹತ್ತಿ ಬಿಡಿಸುವವರ ಮನೆಯಲ್ಲಿ. ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಗಂಡ ಓರಿನ್ ಜೊತೆ ಹಳೇ ಟ್ರಕ್ ಹತ್ತಿಕೊಂಡು ಅಲಾಸ್ಕಕ್ಕೆ ಬಂದಳು. ಓರಿನ್ ನದಿಯ ಮೇಲಿನ ಹಳ್ಳಿಗಳಿಗೆ ನಾಯಿಬಂಡಿಯಲ್ಲಿ ಸಾಮಾನು ಒಯ್ಯುತ್ತಿದ್ದ. ಒಂದು ಏಪ್ರಿಲ್‌ನಲ್ಲಿ ನದಿಯ ಮಂಜುಗಡ್ಡೆ ಬಿರಿದು ಅವನು ಕೆಳಗೆ ಹೋದ. ನಾಯಿಗಳು ಮಾತ್ರ ಅರ್ಧ ಬಂಡಿ ಎಳೆದುಕೊಂಡು ಮನೆಗೆ ಬಂದವು. ಬ್ಯೂಲಾ ಅವುಗಳ ಪಟ್ಟಿ ಬಿಚ್ಚಿ, ಒರೆಸಿ, ದಿಮ್ಮಿಯ ಮುಂದೆ ಕೂತು ಅವತ್ತಿನ ಮಾಂಸ ಕೊಚ್ಚಿ ಹಾಕಿದ ಮೇಲೆಯೇ ನೆರೆಯವರ ಬಾಗಿಲು ತಟ್ಟಿದಳಂತೆ. ಊರಿನವರು ಇದನ್ನು ಏನೋ ದೊಡ್ಡ ಸಂಗತಿ ಎಂಬಂತೆ ಹೇಳಿಕೊಳ್ಳುತ್ತಾರೆ. ನನಗೆ ಕೇಳಿದರೆ, ಅವಳಿಗೆ ಗಂಡನಿಗಿಂತ ನಾಯಿಗಳೇ ಹೆಚ್ಚಾಗಿದ್ದವು, ಅಷ್ಟೇ.

ಅಪ್ಪ ಸತ್ತಾಗ ಹತ್ತು ವರ್ಷದವನಾಗಿದ್ದ ಅವಳ ಮಗ ಡ್ವೈಟ್‌ನನ್ನು ನಾನು ಎಪ್ಪತ್ತೊಂಬತ್ತರಲ್ಲಿ ಮದುವೆಯಾದೆ. ನಾನು ನೆಬ್ರಾಸ್ಕದವಳು. ನಮ್ಮಪ್ಪ ಹಂದಿ ಸಾಕುತ್ತಿದ್ದ. ಮಾಂಸ, ರಕ್ತ, ಸೆಗಣಿ ಯಾವುದೂ ನನಗೆ ಹೊಸದಲ್ಲ. ಮೊದಲ ದಿನ ಡ್ವೈಟ್ ನನ್ನನ್ನು ಅಂಗಳದ ಶೆಡ್ಡಿಗೆ ಕರೆದುಕೊಂಡು ಹೋದ. ಬ್ಯೂಲಾ ಕೊಚ್ಚುವುದು ನಿಲ್ಲಿಸಲಿಲ್ಲ.

"ಇವಳೇನಾ?" ಎಂದಳು ಮಗನಿಗೆ, ನಾನು ಎದುರಿಗೇ ನಿಂತಿದ್ದರೂ. "ಕಡ್ಡಿ ಥರ ಇದಾಳೆ. ಮಾರ್ಚ್ ಬರೋಷ್ಟ್ರಲ್ಲಿ ಓಡಿಹೋಗ್ತಾಳೆ ನೋಡ್ತಿರು."

"ಅಮ್ಮಾ, ಅವಳಿಗೆ ಕೇಳಿಸುತ್ತೆ."

"ಕೇಳಿಸ್ಲಿ ಅಂತಾನೇ ಹೇಳಿದ್ದು."

ನಾನು ಓಡಿಹೋಗಲಿಲ್ಲ. ಅದನ್ನೂ ಅವಳು ಕ್ಷಮಿಸಲಿಲ್ಲ. ಪ್ರತಿ ಮಾರ್ಚ್ ಒಂದನೇ ತಾರೀಕು ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಏನಮ್ಮಾ ಹೊಸಬಳೇ, ಇನ್ನೂ ಇಲ್ಲೇ ಇದೀಯಾ?" ಎಂದು ಕೇಳುತ್ತಿದ್ದಳು. ಹನ್ನೊಂದು ಸಲ ಮಾರ್ಚ್ ಬಂದು ಹೋದರೂ ನಾನು ಹೊಸಬಳೇ.

ಡ್ವೈಟ್‌ಗೆ ನಾಯಿಗಳ ಹುಚ್ಚಿಲ್ಲ. ಅವನು ಹೆದ್ದಾರಿಯ ಹಿಮ ತೆಗೆಯುವ ಗಾಡಿ ಓಡಿಸುತ್ತಾನೆ, ಚಳಿಗಾಲದಲ್ಲಿ ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. ಪಂದ್ಯಕ್ಕೆ ಬಂಡಿ ಓಡಿಸುತ್ತಿದ್ದವಳು ನಾನು. ಹದಿನಾರು ನಾಯಿಗಳನ್ನು ಮರಿಯಿಂದ ಬೆಳೆಸಿದವಳು, ಪಂಜಕ್ಕೆ ಕಾಲುಚೀಲ ಹೊಲಿದವಳು, ಮಲ ಎತ್ತಿದವಳು ನಾನು. ಆದರೆ ಊರಿನವರ ಬಾಯಲ್ಲಿ ಅವು 'ಬ್ಯೂಲಾಳ ನಾಯಿಗಳು'. ನಾನು ಮೂರನೆಯವಳಾಗಿ ಬಂದ ವರ್ಷ ಅಂಗಡಿಯ ಆರ್ಡಿಸ್ ನನ್ನ ಎದುರಿಗೇ, "ಮತ್ತೇನು, ಬ್ಯೂಲಾ ಕೊಚ್ಚಿದ ಮಾಂಸ ತಿಂದ ನಾಯಿ ಸೋಲುತ್ತಾ?" ಎಂದಳು. ಬಂಡಿಯ ಹಿಂದೆ ಎರಡು ದಿನ ನಿಂತವಳು ಯಾರು ಎಂದು ಅವಳು ಕೇಳಲಿಲ್ಲ.

ಡೀಕನ್‌ನ ವಿಷಯವನ್ನೂ ಇಲ್ಲೇ ಹೇಳಬೇಕು. ಡೀಕನ್ ಮೊದಲು ನನ್ನ ನಾಯಿ. ಆರು ವರ್ಷ ನನ್ನ ಬಂಡಿಯ ಮುಂದೆ, ಎಲ್ಲಕ್ಕಿಂತ ಮುಂದೆ ಓಡಿದವನು. ಬಿರುಗಾಳಿಯಲ್ಲಿ ನನಗೆ ದಾರಿ ಕಾಣದಿದ್ದಾಗ ಎರಡು ಸಲ ಮನೆ ಮುಟ್ಟಿಸಿದವನು. ಅವನ ಸೊಂಟ ಸೋತ ಮೇಲೆ ಅಂಗಳದಿಂದ ಬಿಚ್ಚಿ ಮನೆಯೊಳಗೆ ತಂದೆ. ಒಂದೇ ವಾರ. ಅವನು ಎದ್ದು ಶೆಡ್ಡಿಗೆ ಹೋಗಿ ಬ್ಯೂಲಾಳ ದಿಮ್ಮಿಯ ಬುಡದಲ್ಲಿ ಮಲಗಿದ. ಅವಳು ಅವನಿಗೆ ಪ್ರತಿ ಟಬ್ಬಿನಿಂದ ಮೊದಲ ಹಿಡಿ ತೆಗೆದಿಟ್ಟು ಕೈಯಾರೆ ತಿನ್ನಿಸಿದಳು. ಆಮೇಲೆ ನಾನು ಕರೆದರೆ ಅವನು ಬಾಲ ಆಡಿಸುತ್ತಿದ್ದ, ಏಳುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯಿತು. ನಾಯಿಗೋಸ್ಕರ ಹೊಟ್ಟೆಕಿಚ್ಚು ಪಡುವುದು ನಾಚಿಕೆಯ ಸಂಗತಿಯೇ, ಆದರೆ ಪಟ್ಟೆ.

ಒಂದು ವರ್ಷ ನಾನು ಫೇರ್‌ಬ್ಯಾಂಕ್ಸ್ ಪೇಟೆಯಿಂದ ಕೈಮಾ ಮಾಡುವ ಮೆಷಿನ್ ತಂದೆ. ಕೈಯಲ್ಲಿ ತಿರುಗಿಸುವಂಥದ್ದು, ಭಾರವಾದದ್ದು. ಬ್ಯೂಲಾ ಅದನ್ನು ಸುತ್ತಲೂ ನೋಡಿದಳು.

"ಏನಿದು?"

"ಮೆಷಿನ್. ನಿಮಗೂ ಸ್ವಲ್ಪ ಸುಧಾರಿಸ್ಕೊಳ್ಳೋಕೆ ಆಗುತ್ತೆ."

"ಸುಧಾರಿಸ್ಕೊಳ್ಳೋಕಾ, ಸ್ಮಶಾನಕ್ಕೆ ಹೋಗೋಕಾ? ತಿರುಗಿಸು ನೋಡೋಣ."

ತಿರುಗಿಸಿದೆ. ಮಾಂಸ ಹಿಂಡಿಹೋಗಿ ಮುದ್ದೆ ಮುದ್ದೆಯಾಗಿ ಬಂತು. ಬ್ಯೂಲಾ ಅದನ್ನು ನೀರಿಗೆ ಹಾಕಿ ಪೆನ್ನಿಯ ಮುಂದಿಟ್ಟಳು. ಪೆನ್ನಿ ಆಗ ನನ್ನ ಹೊಸ ಮುಂದಾಳು ನಾಯಿ. ಅವಳು ಮುದ್ದೆಯನ್ನು ಇಡಿಯಾಗಿ ಎತ್ತಿ ನುಂಗಿ, ನೀರು ಬಿಟ್ಟು ತಿರುಗಿ ಕೂತಳು. "ರಕ್ತ ಎಲ್ಲಾ ನಿನ್ನ ಮೆಷಿನ್ ಕುಡೀತು, ನಾಯಿಗೇನು ಉಳೀತು?" ಎಂದು ಬ್ಯೂಲಾ ನಕ್ಕಳು. ಅವಳು ನಗುವುದು ಅಪರೂಪ, ನಕ್ಕರೆ ಇಂಥದ್ದಕ್ಕೇ. ಮಾರನೇ ದಿನದ ಹೊತ್ತಿಗೆ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೆಷಿನ್ ಈಗಲೂ ಶೆಡ್ಡಿನ ಹಿಂದೆ ತುಕ್ಕು ಹಿಡಿಯುತ್ತಿದೆ.

ಅವಳನ್ನು ಮನೆಯಿಂದ ಕಳಿಸಬೇಕು ಎಂದು ನಾನು ಆಗಲೇ ನಿರ್ಧರಿಸಿದ್ದೆ. ಮುಚ್ಚಿಡುವುದೇನಿದೆ. ಅವಳ ಮಗಳು ಲೋರ್ನಾ ಒರೆಗಾನ್‌ನಲ್ಲಿದ್ದಾಳೆ, ಅಮ್ಮನಿಗೆಂದು ಒಂದು ಕೋಣೆ ಸಿದ್ಧ ಮಾಡಿಟ್ಟು ವರ್ಷಗಳಾಗಿದ್ದವು. ಆದರೆ ಡ್ವೈಟ್‌ನ ಮುಂದೆ ಮಾತೆತ್ತಿದರೆ ಅವನದು ಒಂದೇ ಉತ್ತರ: "ಅಮ್ಮ ಕೊಚ್ಚೋವರೆಗೂ ಇಲ್ಲೇ ಇರ್ತಾಳೆ." ಬ್ಯೂಲಾಳೂ ಅದನ್ನೇ ಹೇಳುತ್ತಿದ್ದಳು, ಊಟದ ಮೇಜಿನಲ್ಲಿ, ನನ್ನ ಮುಖ ನೋಡಿಕೊಂಡು. "ಒಂದು ಕೆಟ್ಟ ಟಬ್ ಕೊಚ್ಚಿದ ದಿನ ನನ್ನ ಗಂಟುಮೂಟೆ ಕಟ್ಟಿ. ನಾನೇ ವಿಮಾನ ಹತ್ತುತ್ತೀನಿ. ಯಾರೂ ತಳ್ಳಬೇಕಾಗಿಲ್ಲ." ಆ ಒಂದು ಕೆಟ್ಟ ಟಬ್ಬಿಗೆ ನಾನು ವರ್ಷಗಟ್ಟಲೆ ಕಾದೆ. ಅವಳಿಗೆ ಎಪ್ಪತ್ತೊಂದಾಯಿತು. ಟಬ್ ಕೆಡಲಿಲ್ಲ.

ತೊಂಬತ್ತರ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ, ಕಟ್ಟಿಗೆ ಇಡಲು ಶೆಡ್ಡಿಗೆ ಹೋದೆ. ಬ್ಯೂಲಾ ನನಗೆ ಬೆನ್ನು ಹಾಕಿ ಒಲೆಯ ಪಕ್ಕದ ಮಾಂಸ ತಿರುವುತ್ತಿದ್ದಳು. ಎಡಗೈಯನ್ನು ಕಾದ ಒಲೆಯ ಮುಚ್ಚಳದ ಮೇಲೆ ಊರಿದ್ದಳು. ನಾನು ಎರಡು ತುಂಡು ಕಟ್ಟಿಗೆ ಇಟ್ಟು ಮುಗಿಸುವವರೆಗೂ ಕೈ ಅಲ್ಲೇ ಇತ್ತು. ಸುಟ್ಟ ವಾಸನೆ ಬಂದ ಮೇಲೆ ಅವಳು ಮೂಗೆಳೆದು, ಮಾಂಸ ಹತ್ತಿತೇನೋ ಎಂದು ಬಗ್ಗಿ ನೋಡಿದಳು. ಆಮೇಲೆ ತನ್ನ ಅಂಗೈ ನೋಡಿಕೊಂಡಳು. ಕೂಗಲಿಲ್ಲ. ಹಿಂದೆ ತಿರುಗಿ ನಾನಿದ್ದೇನೆ ಎಂದು ಗೊತ್ತಾದ ಕೂಡಲೇ ಕೈಯನ್ನು ಏಪ್ರನ್ನಿನೊಳಗೆ ಹಾಕಿದಳು.

"ಬಾಗಿಲು ಹಾಕ್ಕೊಂಡು ಹೋಗು. ಇದೇನು ನೆಬ್ರಾಸ್ಕ ಅಂದ್ಕೊಂಡಿದೀಯಾ?"

ಅವತ್ತೇ ಸಂಜೆ ಪೆನ್ನಿಯ ಬಟ್ಟಲಿನ ತಳದಲ್ಲಿ ಒಂದು ಸಿಬಿರು ಸಿಕ್ಕಿತು. ಉಗುರಿನಷ್ಟು ಉದ್ದ, ಎರಡೂ ತುದಿ ಚೂಪು. ಹನ್ನೊಂದು ವರ್ಷದಲ್ಲಿ ಅದೇ ಮೊದಲನೆಯದು. ಅಂಗಳದ ಮಧ್ಯೆ ಬಟ್ಟಲು ಹಿಡಿದು ನಿಂತವಳಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಬ್ಯೂಲಾಳ ಬೆರಳುಗಳು ಸತ್ತಿದ್ದವು. ಅವಳು ಚಿಟಿಕೆ ಉಜ್ಜುತ್ತಿದ್ದಳು, ತಲೆ ಆಡಿಸುತ್ತಿದ್ದಳು, ಬೆರಳುಗಳು ಅವಳಿಗೆ ಏನನ್ನೂ ಹೇಳುತ್ತಿರಲಿಲ್ಲ.

ಆ ಹೊತ್ತಿಗೆ ನಾನು ನೆಟ್ಟಗೆ ಶೆಡ್ಡಿಗೆ ಹೋಗಿ ಸಿಬಿರನ್ನು ಅವಳ ಮುಂದೆ ಇಡಬಹುದಾಗಿತ್ತು. ಇಡಲಿಲ್ಲ. ಇಟ್ಟಿದ್ದರೆ ಅವಳು ಅದನ್ನು ಒಲೆಗೆ ಎಸೆದು, ನಾನೇ ಹಾಕಿದೆ ಎಂದು ಊರೆಲ್ಲಾ ಹೇಳಿಕೊಂಡು ಬರುತ್ತಿದ್ದಳು. ಡ್ವೈಟ್ ನಂಬುತ್ತಿದ್ದ. ನನಗೆ ಒಂದು ಸಿಬಿರು ಸಾಕಾಗಿರಲಿಲ್ಲ. ಯಾರೂ ಅಲ್ಲಗಳೆಯಲಾಗದಷ್ಟು ಬೇಕಿತ್ತು, ನಾಲ್ಕು ಜನರ ಎದುರು ಬೇಕಿತ್ತು. ಅದಕ್ಕೆ ದಿನವೂ ಗೊತ್ತಿತ್ತು. ಜನವರಿ ಮಧ್ಯದಲ್ಲಿ ಪಂದ್ಯದ ಚೀಲ ತುಂಬುವ ದಿನ. ಪಂದ್ಯದ ದಾರಿಯ ತಂಗುದಾಣಗಳಿಗೆ ವಿಮಾನದಲ್ಲಿ ಮುಂಚಿತವಾಗಿ ಕಳಿಸುವ ಮಾಂಸದ ಚೀಲಗಳನ್ನು ಊರಿನ ಹೆಂಗಸರು ನಮ್ಮ ಶೆಡ್ಡಿನಲ್ಲೇ ಸೇರಿ ತುಂಬುತ್ತಿದ್ದರು. ಶುರು ಮಾಡುವ ಮೊದಲು ಪ್ರತಿಯೊಬ್ಬಳೂ ಬ್ಯೂಲಾಳ ಟಬ್ಬಿನಿಂದ ಒಂದು ಚಿಟಿಕೆ ತೆಗೆದು ಉಜ್ಜಿ ತಲೆದೂಗಬೇಕು. ಅದು ಊರಿನ ರೂಢಿ. ವರ್ಷಕ್ಕೊಮ್ಮೆ ಬ್ಯೂಲಾ ರಾಣಿಯಾಗುವ ದಿನ.

ಅಲ್ಲಿಯವರೆಗೆ ನಾಯಿಗಳು ಉಳಿಯಬೇಕಲ್ಲ. ಟಬ್ಬನ್ನು ಶೆಡ್ಡಿನಿಂದ ಅಂಗಳದ ಹಂಡೆಗೆ ಒಯ್ಯುವುದು ಹೇಗೂ ನನ್ನ ಕೆಲಸ. ದಿನವೂ ಒಯ್ಯುವ ದಾರಿಯಲ್ಲಿ ಕಟ್ಟಿಗೆ ಒಟ್ಟುವ ಗೋದಾಮಿಗೆ ನುಗ್ಗಿ, ಕೈಮಾವನ್ನು ತಗಡಿನ ಮೇಲೆ ತೆಳ್ಳಗೆ ಹರಡಿ, ಕೈಗವಸು ಬಿಚ್ಚಿ, ಅಂಗೈ ಅಗಲ ಅಂಗೈ ಅಗಲ ಬೆರಳಾಡಿಸಿ ಸಿಬಿರು ಆರಿಸಿದೆ. ಒಂದೊಂದು ದಿನ ಒಂದು, ಒಂದೊಂದು ದಿನ ಐದಾರು. ಬೆರಳ ತುದಿ ಚಳಿಗೆ ಬಿರಿದು ರಕ್ತ ಬಂತು. ಸಿಕ್ಕಿದ್ದನ್ನೆಲ್ಲ ಒಂದು ಕಾಫಿ ಡಬ್ಬಿಗೆ ಹಾಕಿ ಕಟ್ಟಿಗೆಯ ಹಿಂದೆ ಬಚ್ಚಿಟ್ಟೆ. ಹದಿನಾರು ನಾಯಿಗಳೂ ಚೆನ್ನಾಗಿ ಕುಡಿದವು, ಚೆನ್ನಾಗಿ ಓಡಿದವು. ಆ ಏಳು ವಾರ ಬ್ಯೂಲಾ ಏನಂದರೂ ನಾನು ಎದುರಾಡಲಿಲ್ಲ. ಒಂದು ಸಲ ಅವಳೇ ಅನುಮಾನದಿಂದ ಕೇಳಿದಳು, "ಏನೇ, ನಾಲಿಗೆ ಬಿದ್ದುಹೋಯ್ತಾ? ಹುಷಾರಿದೀಯಾ?"

"ಚೆನ್ನಾಗಿದೀನಿ, ಬ್ಯೂಲಾ."

"ಚೆನ್ನಾಗಿದ್ರೆ ಸರಿ. ನಗ್ಬೇಡ, ಚೆನ್ನಾಗಿ ಕಾಣಲ್ಲ."

ಜನವರಿ ಎರಡನೇ ವಾರ ಡೀಕನ್ ತಿನ್ನುವುದು ಬಿಟ್ಟ. ಬೆನ್ನು ಬಿಲ್ಲಿನಂತೆ ಬಗ್ಗಿಸಿ ನಿಲ್ಲುತ್ತಿದ್ದ, ಮಲಗಲು ಆಗುತ್ತಿರಲಿಲ್ಲ. ಹೊಟ್ಟೆ ಮುಟ್ಟಿದರೆ ನರಳಿದ. ಹೊರಗೆ ಚಳಿ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿತ್ತು. ಟ್ರಕ್ಕಿನ ಎಂಜಿನ್ ಹೆಪ್ಪುಗಟ್ಟಿತ್ತು, ಡ್ವೈಟ್ ಹೆದ್ದಾರಿಯಲ್ಲಿದ್ದ. ನಾಯಿ ಡಾಕ್ಟರ್ ಇರುವುದು ನೂರು ಮೈಲಿ ದೂರ. ಬ್ಯೂಲಾ ಎರಡು ದಿನ ಶೆಡ್ಡಿನ ನೆಲದ ಮೇಲೆ ಅವನ ಪಕ್ಕ ಕೂತಿದ್ದಳು. ತಿನ್ನಲಿ ಎಂದು ಇನ್ನೂ ಸಣ್ಣಗೆ, ಇನ್ನೂ ಸಣ್ಣಗೆ ಕೊಚ್ಚಿ, ಬೆರಳ ತುದಿಯಲ್ಲಿ ಅವನ ತುಟಿಗೆ ಒರೆಸಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹದಿನಾಲ್ಕು ವರ್ಷದ ನಾಯಿ, ವಯಸ್ಸಾಯಿತು ಎಂದುಕೊಂಡೆ. ಅದಕ್ಕಿಂತ ಮುಂದಕ್ಕೆ ಯೋಚನೆ ಹೋಗದ ಹಾಗೆ ನೋಡಿಕೊಂಡೆ. ಮೂರನೇ ದಿನ ಬೆಳಿಗ್ಗೆ ಬಾಯಲ್ಲಿ ರಕ್ತ ಬಂದು ಅವನು ಸತ್ತ.

ನೆಲ ಅಗೆಯುವಂತಿರಲಿಲ್ಲ. ಗೋಣಿಯಲ್ಲಿ ಸುತ್ತಿ ಮೇ ತಿಂಗಳವರೆಗೆಂದು ಗೋದಾಮಿನ ಅಟ್ಟಕ್ಕೆ ಏರಿಸಿದೆವು. ಬ್ಯೂಲಾ ಅಳಲಿಲ್ಲ. ಅಂಗಡಿಗೆ ಹೋಗಿ, ನಾನು ಡೀಕನ್‌ಗೆ ಕ್ರಿಸ್‌ಮಸ್‌ನಲ್ಲಿ ಉಳಿದ ಟರ್ಕಿ ಕೋಳಿಯ ಮೂಳೆ ಹಾಕಿ ಕೊಂದೆ ಎಂದು ಹೇಳಿ ಬಂದಳು. ಆರ್ಡಿಸ್ ಅದನ್ನು ನನಗೆ ಮುಟ್ಟಿಸಲು ಅರ್ಧ ದಿನವೂ ತಡ ಮಾಡಲಿಲ್ಲ. ಸ್ವಲ್ಪ ಅಳುಕಿದ್ದರೆ ಅದೂ ಅವತ್ತು ಹೋಯಿತು. ಇನ್ನು ನಾಲ್ಕೇ ದಿನ, ನೋಡಿಕೋ ಎಂದು ಹಲ್ಲು ಕಚ್ಚಿದೆ.

ಚೀಲ ತುಂಬುವ ದಿನ ಆರ್ಡಿಸ್ ಬಂದಳು, ಇನ್ನಿಬ್ಬರು ನೆರೆಯ ಹೆಂಗಸರು ಬಂದರು. ಡ್ವೈಟ್ ರಜೆ ಹಾಕಿ ಮನೆಯಲ್ಲಿದ್ದ, ಚೀಲ ಹೊರಲು. ಅವತ್ತಿನ ಟಬ್ಬನ್ನು ನಾನು ಮುಟ್ಟಿರಲಿಲ್ಲ. ಬ್ಯೂಲಾ ಒಗೆದ ಏಪ್ರನ್ ಕಟ್ಟಿ, ದಿಮ್ಮಿಯ ಪಕ್ಕ ನಿಂತಿದ್ದಳು. ದಿಮ್ಮಿಯ ಬುಡದಲ್ಲಿ ಡೀಕನ್ ಮಲಗುತ್ತಿದ್ದ ಹಳೇ ಕೋಟು ಇನ್ನೂ ಬಿದ್ದಿತ್ತು.

"ಶುರು ಮಾಡೋಕೆ ಮುಂಚೆ ಒಂದು ಮಾತು," ಎಂದಳು ಬ್ಯೂಲಾ. "ಈ ಮನೇಲಿ ನಾಯಿಗೆ ಏನು ಹಾಕ್ಬೇಕು, ಏನು ಹಾಕ್ಬಾರದು ಅಂತ ಗೊತ್ತಿಲ್ಲದೋರು ಇದಾರೆ. ಅದಕ್ಕೇ ಒಂದು ಜೀವ ಹೋಯ್ತು. ಆದ್ರಿಂದ ಚೀಲಗಳನ್ನ ಇವತ್ತು ನಾವು ನಾಲ್ಕು ಜನ ತುಂಬೋಣ. ಮಾರ್ನಿ ಬೇಕಾದ್ರೆ ಕಾಫಿ ಮಾಡ್ಲಿ."

ಮಾರ್ನಿ ಎಂದರೆ ನಾನು. ಡ್ವೈಟ್ ಚೀಲಗಳನ್ನು ನೋಡುತ್ತಾ ನಿಂತ.

"ಕಾಫಿ ಆಮೇಲೆ ಮಾಡ್ತೀನಿ," ಎಂದೆ. "ಮೊದಲು ಪರೀಕ್ಷೆ ಆಗ್ಲಿ. ಆರ್ಡಿಸ್, ತಗೋ."

ಆರ್ಡಿಸ್ ಕೈಗವಸು ಬಿಚ್ಚಿ ಟಬ್ಬಿನಿಂದ ಚಿಟಿಕೆ ತೆಗೆದಳು. ಉಜ್ಜಿದಳು. ತಲೆದೂಗಿದಳು. ನನ್ನ ಲೆಕ್ಕ ತಪ್ಪಿತೇನೋ ಎಂದುಕೊಂಡೆ. ಎರಡನೆಯವಳು ಉಜ್ಜಿದಳು, ಅವಳದ್ದೂ ಸರಿಯಾಗಿತ್ತು. ಮೂರನೆಯವಳು ಚಿಟಿಕೆ ಒತ್ತಿದ ಕೂಡಲೇ ಕೈ ಕಿತ್ತುಕೊಂಡಳು. ತೋರುಬೆರಳಿನ ತುದಿಯಲ್ಲಿ ಒಂದು ಹನಿ ರಕ್ತ ಮೂಡಿತು.

"ಏನೋ ಚುಚ್ತು," ಎಂದಳು.

"ಏನೂ ಇರಲ್ಲ. ನಿನ್ನ ಚರ್ಮ ಒಡೆದಿರ್ಬೇಕು, ಮುಲಾಮು ಹಚ್ಚಲ್ವಾ?" ಎಂದು ಬ್ಯೂಲಾ ಅದೇ ಜಾಗಕ್ಕೆ ಕೈ ಹಾಕಿ, ಎರಡು ಸಲ ಗಟ್ಟಿಯಾಗಿ ಉಜ್ಜಿದಳು. "ನೋಡು. ಬೆಣ್ಣೆ."

ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು.

"ಬ್ಯೂಲಾ," ಎಂದಳು ಆರ್ಡಿಸ್ ಮೆಲ್ಲಗೆ, "ನಿಮ್ಮ ಹೆಬ್ಬೆರಳು."

ಸಿಬಿರು ಅವಳ ಹೆಬ್ಬೆರಳಿಗೆ ಅರ್ಧ ಇಳಿದಿತ್ತು. ರಕ್ತ ಮಣಿಕಟ್ಟಿನವರೆಗೆ ಹರಿದಿತ್ತು. ಬ್ಯೂಲಾ ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದಳು. ಆಮೇಲೆ ಎಳೆದು ತೆಗೆದಳು.

ಅಷ್ಟಕ್ಕೆ ನಿಲ್ಲಿಸಬಹುದಾಗಿತ್ತು. ಕೆಲಸ ಆಗಿಹೋಗಿತ್ತು. ಆದರೆ ಏಳು ವಾರ ಕೂಡಿಟ್ಟವಳಿಗೆ ಅಷ್ಟು ಸಾಲಲಿಲ್ಲ. ಕಟ್ಟಿಗೆಯ ಹಿಂದಿನಿಂದ ತಂದಿಟ್ಟುಕೊಂಡಿದ್ದ ಡಬ್ಬಿಯನ್ನು ಕೋಟಿನೊಳಗಿನಿಂದ ತೆಗೆದು, ಅವಳ ದಿಮ್ಮಿಯ ಮೇಲೆ ಬೋರಲು ಹಾಕಿದೆ. ಸಿಬಿರುಗಳು ಚದುರಿದವು. ಕೆಲವು ನೆಲಕ್ಕೆ ಬಿದ್ದವು.

"ಇದೆಲ್ಲಾ ನೀವು ಕೊಚ್ಚಿದ್ದು," ಎಂದೆ. "ಬೆರಳಿಗೆ ಸ್ಪರ್ಶ ಹೋಗಿದೆ ಅಂತ ಒಪ್ಕೊಳ್ಳೋಕೆ ನಿಮಗೆ ಅಹಂಕಾರ ಬಿಡ್ಲಿಲ್ಲ. ನಾನು ಆರಿಸದೇ ಇದ್ದಿದ್ರೆ ಈ ಅಂಗಳದಲ್ಲಿ ಒಂದು ನಾಯೀನೂ ಉಳೀತಿರ್ಲಿಲ್ಲ. ಒಂದು ಕೆಟ್ಟ ಟಬ್ ಅಂದಿದ್ರಲ್ಲ, ಎಷ್ಟು ಬೇಕು ನಿಮಗೆ?"

ಡ್ವೈಟ್ ಒಂದು ಸಿಬಿರು ಎತ್ತಿ ಬೆಳಕಿಗೆ ಹಿಡಿದು ಮತ್ತೆ ಕೆಳಗಿಟ್ಟ. ನಾನು ಗೆದ್ದಿದ್ದೆ. ಅದು ನನ್ನ ಮೈಯಲ್ಲೆಲ್ಲ ಬಿಸಿಯಾಗಿ ಓಡಾಡಿತು, ಸುಳ್ಳು ಹೇಳುವುದಿಲ್ಲ.

ಬ್ಯೂಲಾ ಸಿಬಿರುಗಳನ್ನು ನೋಡಿದಳು. ಬೈಯಲಿಲ್ಲ. ದನಿಯಲ್ಲಿ ಕೊಂಕೂ ಇರಲಿಲ್ಲ.

"ಚಳಿಗೆ ಮರಗಟ್ಟಿದೆ ಅಂದ್ಕೊಂಡಿದ್ದೆ," ಎಂದಳು. "ಯಾವಾಗಿಂದ ಆರಿಸ್ತಿದೀಯಾ?"

"ಥ್ಯಾಂಕ್ಸ್‌ಗಿವಿಂಗ್‌ನಿಂದ."

"ದಿನಾ?"

"ದಿನಾ."

"ಹದಿನಾರು ನಾಯಿಗೂ?"

"ಹದಿನಾರಕ್ಕೂ."

ಅವಳು ಕೆಳಗೆ ನೋಡಿದಳು, ದಿಮ್ಮಿಯ ಬುಡಕ್ಕೆ.

"ಡೀಕನ್‌ಗೆ?"

ಟಬ್ಬಿನಿಂದ ಮೊದಲ ಹಿಡಿ ಡೀಕನ್‌ಗೆ ಹೋಗುತ್ತಿತ್ತು. ನಾನು ಟಬ್ ಎತ್ತುವ ಮೊದಲು. ಅದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಏಳು ವಾರ, ದಿನಾ ಬೆಳಿಗ್ಗೆ, ಅವಳು ಅವನ ಬಾಯಿಗೆ ಆ ಹಿಡಿ ಇಡುವುದನ್ನು ನೋಡುತ್ತಾ ನಾನು ಬಾಗಿಲಲ್ಲಿ ಟಬ್ಬಿಗಾಗಿ ಕಾದು ನಿಂತಿರುತ್ತಿದ್ದೆ. ಆ ಹೊತ್ತಿನಲ್ಲಿ ಹೇಳಬಹುದಾದ ಉತ್ತರಗಳು ನೂರಿದ್ದವು. ಮರೆತೆ ಎನ್ನಬಹುದಿತ್ತು, ಹೊಳೆಯಲಿಲ್ಲ ಎನ್ನಬಹುದಿತ್ತು. ಸುಮ್ಮನಿರಬಹುದಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟು:

"ಅವನು ನಿಮ್ಮ ನಾಯಿ ಅಲ್ವಾ."

ಡ್ವೈಟ್ ತಲೆ ಎತ್ತಿ ನನ್ನನ್ನು ನೋಡಿದ. ಹನ್ನೊಂದು ವರ್ಷದಲ್ಲಿ ಅವನು ಹಾಗೆ ನೋಡಿರಲಿಲ್ಲ. ಆರ್ಡಿಸ್ ಕೈಗವಸು ಹಾಕಿಕೊಂಡಳು. ಉಳಿದಿಬ್ಬರು ಅವಳ ಹಿಂದೆ ಹೊರಟರು, ಒಂದು ಚೀಲವನ್ನೂ ತುಂಬದೆ.

ಬ್ಯೂಲಾ ಏಪ್ರನ್ ಬಿಚ್ಚಿ ಮಡಿಸಿಟ್ಟಳು. ಎರಡು ಕತ್ತಿಗಳನ್ನೂ ತೊಳೆದು, ಒರೆಸಿ, ಹಿಡಿ ನನ್ನ ಕಡೆಗಿರುವಂತೆ ದಿಮ್ಮಿಯ ಮೇಲಿಟ್ಟಳು. ಮಾತಾಡಿದ್ದು ಹೋಗುವಾಗ, ಅದೂ ಮಗನ ಜೊತೆ, "ಲೋರ್ನಾಗೆ ಫೋನ್ ಮಾಡು" ಎಂದಷ್ಟೇ. ಆ ವಾರವೇ ಹೋದಳು. ಎರಡು ವರ್ಷ ಒರೆಗಾನ್‌ನಲ್ಲಿದ್ದು ಅಲ್ಲೇ ತೀರಿಕೊಂಡಳು.

ಆ ವರ್ಷದ ಪಂದ್ಯಕ್ಕೆ ನಾನೇ ಕೊಚ್ಚಿದೆ, ನಾನೇ ಚೀಲ ತುಂಬಿದೆ, ಎರಡನೆಯವಳಾಗಿ ಬಂದೆ. ಈಗಲೂ ನಾನೇ ಕೊಚ್ಚುತ್ತೇನೆ. ಚೀಲ ತುಂಬುವ ದಿನ ಯಾರೂ ಬರುವುದಿಲ್ಲ, ನಾನು ಕರೆಯುವುದೂ ಇಲ್ಲ. ಬ್ಯೂಲಾ ಕೆಟ್ಟವಳು ಎಂಬ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಕೆಟ್ಟವಳಾಗಿದ್ದರೂ ಅವಳ ಬೆರಳಿಗೆ ಗೊತ್ತಾಗಿದ್ದರೆ ಡೀಕನ್ ಇನ್ನೂ ಸ್ವಲ್ಪ ದಿನ ಬದುಕುತ್ತಿದ್ದ. ನನ್ನ ಬೆರಳಿಗೆ ಗೊತ್ತಿತ್ತು. ಆ ಮೇ ತಿಂಗಳಲ್ಲಿ ನೆಲ ಕರಗಿದಾಗ ಗೋಣಿಯನ್ನು ಅಟ್ಟದಿಂದ ಇಳಿಸಿ ಗುಂಡಿ ತೋಡಿದೆ. ತಾನೂ ಬರುತ್ತೇನೆ ಎಂದು ಡ್ವೈಟ್ ಹೇಳಲಿಲ್ಲ, ಒಬ್ಬಳೇ ಮುಚ್ಚಿದೆ.